ಮಗ್ಗಿಗೆ ರಾಗ ಇದೆ, ಏಳೆಂಟ್ಲೆಗೆ ಉತ್ತರ ಯಾಕಿಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಗಣಿತ, ವಿಜ್ಞಾನ ತೆಗೆದುಕೊಳ್ಳುತ್ತೇನೆ. ಮಕ್ಕಳಿಗೆ ಹಾಡು ಅಂದರೆ ಜೀವ. ಭಿನ್ನರಾಶಿ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅಂದರೆ ಮುಖ ಬಾಡುತ್ತದೆ. ತರಬೇತಿಯಲ್ಲಿ ‘ಸಂಗೀತದ ಮೂಲಕ ಪಾಠ ಮಾಡಿ’ ಅಂದರು, ಹೇಗೆ ಅಂತ ಹೇಳಲಿಲ್ಲ. ನನಗೆ ಹಾಡಲು ಬರುವುದಿಲ್ಲ. ಕಪಾಟಿನಲ್ಲಿ ಗಾಳಿ ಸೋರುವ ಒಂದು ಹಳೆಯ ಪೇಟಿ (ಹಾರ್ಮೋನಿಯಂ) ಇದೆ, ಅಷ್ಟೇ. ಪಕ್ಕದ ತರಗತಿಯವರು ಗಲಾಟೆ ಅಂತ ದೂರುತ್ತಾರೆ. ಇದರಿಂದ ನಿಜವಾಗಿ ಕಲಿಕೆ ಆಗುತ್ತದಾ, ಅಥವಾ ಬರೀ ಮನರಂಜನೆಯಾ?

ಉತ್ತರ: ಟೀಚರ್, ನಿಮ್ಮ ಶಾಲೆಯಲ್ಲಿ ಸಂಗೀತದಿಂದ ಗಣಿತ ಕಲಿಸುವುದು ಈಗಾಗಲೇ ನಡೆದೇ ಇದೆ. ಅದರ ಹೆಸರು ಮಗ್ಗಿ. ಸಂಜೆ ನಾಲ್ಕರ ಹೊತ್ತಿಗೆ ಯಾವ ಊರಿನ ಶಾಲೆಯ ಮುಂದೆ ಹಾದು ಹೋದರೂ ಕೇಳುತ್ತದೆ: ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು. ಲಯ ಇದೆ, ದನಿಯಲ್ಲಿ ಏರಿಳಿತ ಇದೆ. ಈಗ ಒಬ್ಬ ಹುಡುಗನನ್ನು ಎಬ್ಬಿಸಿ ಏಳೆಂಟ್ಲೆ ಎಷ್ಟು ಅಂತ ಕೇಳಿ. ಅವನ ತುಟಿ ನೋಡುತ್ತಿರಿ. ಏಳೊಂದ್ಲೆಯಿಂದ ಹೊರಟು ಎಂಟು ಮೆಟ್ಟಿಲು ಹತ್ತಿ ಐವತ್ತಾರಕ್ಕೆ ಬರುತ್ತಾನೆ. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿಂದ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹಾಡು ಹಗ್ಗದ ಹಾಗೆ. ಒಂದಕ್ಕೊಂದು ಕಟ್ಟಿ ಇಡುತ್ತದೆ, ಉದುರಿ ಹೋಗದಂತೆ ನೋಡಿಕೊಳ್ಳುತ್ತದೆ. ಆದರೆ ಕಟ್ಟಿದ ಕ್ರಮದಲ್ಲೇ ಬಿಚ್ಚಿಕೊಳ್ಳುತ್ತದೆ. ವಾರದ ದಿನ, ತಿಂಗಳ ಹೆಸರು, ವರ್ಣಮಾಲೆ ಇಂಥವಕ್ಕೆ ಕ್ರಮವೇ ಮುಖ್ಯ. ಅಲ್ಲಿ ಹಾಡು ಸಾಕು. ಗುಣಾಕಾರಕ್ಕೆ ಸಾಲದು.

ಹಾಗಂತ ಮಗ್ಗಿ ಬಿಡಬೇಡಿ, ಒಡೆಯಿರಿ. ನಾಲ್ಕು ಎಣಿಕೆಯ ಒಂದು ತಟ್ಟು ಇಟ್ಟುಕೊಳ್ಳಿ. ಮೊದಲ ಎರಡು ಎಣಿಕೆಯಲ್ಲಿ ನೀವು ‘ಏಳೆಂಟ್ಲೆ’ ಅನ್ನಿ. ಮೂರನೆಯದು ಖಾಲಿ. ನಾಲ್ಕಕ್ಕೆ ಸರಿಯಾಗಿ ಮಕ್ಕಳು ‘ಐವತ್ತಾರು’ ಅನ್ನಬೇಕು. ಮುಂದಿನದು ಏಳೊಂಬತ್ಲೆ ಅಲ್ಲ. ಏಳ್ಮೂರ್ಲೆ, ಆಮೇಲೆ ಆರೆಂಟ್ಲೆ, ಹೀಗೆ ಅಡ್ಡಾದಿಡ್ಡಿ. ಲಯ ಉಳಿಯಿತು, ಮೆಟ್ಟಿಲು ಹೋಯಿತು. ಆ ಖಾಲಿ ಮೂರನೇ ಎಣಿಕೆ ಬಹಳ ಮುಖ್ಯ, ಯೋಚನೆ ನಡೆಯುವುದೇ ಅಲ್ಲಿ. ಮೊದಲ ವಾರ ಎರಡು ಎಣಿಕೆ ಖಾಲಿ ಬಿಡಿ, ಆಮೇಲೆ ಒಂದಕ್ಕೆ ಇಳಿಸಿ.

ಒಂದು ವಿಷಯವನ್ನು ಹಾಡು ಕಟ್ಟಿ ಕಲಿಸುವುದು ಬೇರೆ, ಸಂಗೀತದ ಒಳಗೇ ಇರುವ ವಿಷಯವನ್ನು ತೆಗೆದು ತೋರಿಸುವುದು ಬೇರೆ. ಮೊದಲನೆಯದು ನೆನಪಿಗೆ, ಎರಡನೆಯದು ಅರ್ಥಕ್ಕೆ. ತರಬೇತಿಗಳಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಗೊಂದಲ ಆಗುವುದು ಅದಕ್ಕೇ.

ಮೊದಲನೆಯದರಲ್ಲಿ ನಾನೇ ಒಮ್ಮೆ ಚೆನ್ನಾಗಿ ಬಿದ್ದಿದ್ದೇನೆ. ಹೊಸದಾಗಿ ಮೇಷ್ಟ್ರಾಗಿದ್ದ ಕಾಲ. ದ್ಯುತಿಸಂಶ್ಲೇಷಣೆ ಬಗ್ಗೆ ಕೋಲಾಟದ ಧಾಟಿಯಲ್ಲಿ ಒಂದು ಹಾಡು ಕಟ್ಟಿದೆ. ಎಲೆಯೇ ಅಡುಗೆಮನೆ, ಬಿಸಿಲೇ ಒಲೆಯ ಬೆಂಕಿ, ಹೀಗೆಲ್ಲ. ತಪಾಸಣೆಗೆ ಬಂದವರು ತಲೆದೂಗಿದರು. ಮಕ್ಕಳು ಊರ ದಾರಿಯಲ್ಲೂ ಹಾಡಿಕೊಂಡು ಹೋದರು. ಪರೀಕ್ಷೆಯಲ್ಲಿ ಒಬ್ಬ ಹುಡುಗ ಬರೆದಿದ್ದ: ‘ಮಧ್ಯಾಹ್ನ ಎಲೆಯೊಳಗೆ ಬೆಂಕಿ ಹತ್ತುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಎಲೆ ಒಣಗುತ್ತದೆ.’ ಅವನ ತಪ್ಪೇನೂ ಇಲ್ಲ. ಹಾಡು ಹೇಳಿದ್ದನ್ನೇ ನಂಬಿದ್ದಾನೆ. ಪ್ರಾಸಕ್ಕೆ ಬಂದ ಮಾತು ನನಗೆ ಹೋಲಿಕೆ, ಅವನಿಗೆ ವಿಜ್ಞಾನ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹಾಡು ಮುಗಿದ ಮೇಲೆ ರಾಗ ಬಿಟ್ಟು ಕೇಳಬೇಕು, ಅದೂ ಹಾಡಿನಲ್ಲಿ ಇಲ್ಲದ ಮಾತಿನಲ್ಲಿ. ಉತ್ತರ ಬಂದರೆ ಕಲಿತಿದ್ದಾರೆ. ಮತ್ತೆ ಹಾಡಲು ಶುರು ಮಾಡಿದರೆ ಇನ್ನೂ ಕಲಿತಿಲ್ಲ.

ಇನ್ನು ಎರಡನೆಯದು. ಭಿನ್ನರಾಶಿ ಮತ್ತು ಲ.ಸಾ.ಅ. ಎರಡೂ ತಾಳದ ಒಳಗೇ ಇವೆ. ನಾವು ತಂದು ತುರುಕಬೇಕಾಗಿಲ್ಲ.

ಭಿನ್ನರಾಶಿಯಲ್ಲಿ ಮಕ್ಕಳು ಎಡವುವುದು ಎಲ್ಲಿ ಅಂತ ನಿಮಗೆ ಗೊತ್ತು. ನಾಲ್ಕು ಎರಡಕ್ಕಿಂತ ದೊಡ್ಡದು, ಆದ್ದರಿಂದ 1/4 ಕೂಡ 1/2ಕ್ಕಿಂತ ದೊಡ್ಡದು ಅಂತಾರೆ. ರೊಟ್ಟಿ ಹರಿದು ತೋರಿಸಿದಾಗ ಹೌದು ಅಂತಾರೆ, ಮಾರನೇ ದಿನ ಮತ್ತೆ ಅದೇ ತಪ್ಪು. ಈಗ ಹೀಗೆ ಮಾಡಿ. ಡಸ್ಟರ್‌ನಿಂದ ಮೇಜಿನ ಮೇಲೆ ಒಂದೇ ಸಮ ತಟ್ಟುತ್ತಾ ಇರಿ, ಸುಮಾರು ಸೆಕೆಂಡಿಗೆ ಒಂದರಂತೆ. ಒಂದು ತಟ್ಟಿಗೆ ಮಕ್ಕಳು ‘ತ’ ಅನ್ನಲಿ. ಆಮೇಲೆ ಅದೇ ತಟ್ಟಿನೊಳಗೆ ‘ತಕ’. ಆಮೇಲೆ ‘ತಕಧಿಮಿ’. ತಟ್ಟಿನ ವೇಗ ಬದಲಾಗಬಾರದು. ಸಂಗೀತ ಕಲಿಯುವವರು ಸರಳೆ ವರಸೆ ಅನ್ನುವ ಮೊದಲ ಸ್ವರಾಭ್ಯಾಸವನ್ನು ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ಹಾಡುತ್ತಾರಲ್ಲ, ಅದೇ ಇದು. ಒಂದು ಎಣಿಕೆಗೆ ಒಂದು ಸ್ವರ, ಎರಡು, ನಾಲ್ಕು.

ಈಗ ಕೇಳಿ: ‘ತಕ’ದಲ್ಲಿ ಒಂದು ಅಕ್ಷರಕ್ಕೆ ಜಾಸ್ತಿ ಹೊತ್ತು ಸಿಕ್ಕಿತಾ, ‘ತಕಧಿಮಿ’ಯಲ್ಲಿ ಸಿಕ್ಕಿತಾ? ಯಾವ ಮಗುವೂ ತಪ್ಪು ಹೇಳುವುದಿಲ್ಲ. ಬಾಯಿಯೇ ಹೇಳುತ್ತದೆ, ನಾಲ್ಕು ಸೇರಿಸಬೇಕಾದರೆ ಒಂದೊಂದಕ್ಕೂ ಜಾಗ ಕಮ್ಮಿ. ಛೇದ ದೊಡ್ಡದಾದಷ್ಟೂ ಪಾಲು ಚಿಕ್ಕದು ಅಂತ ನೀವು ಹಲಗೆಯ ಮೇಲೆ ಬರೆಯುವ ಮುಂಚೆಯೇ ನಾಲಿಗೆಗೆ ಗೊತ್ತಾಗಿರುತ್ತದೆ.

ಮುಂದಿನ ಹೆಜ್ಜೆ ಇನ್ನೂ ಚೆಂದ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ‘ತಕ’, ಇನ್ನೊಂದು ‘ತಕಧಿಮಿ’, ಒಟ್ಟಿಗೆ, ಒಂದೇ ತಟ್ಟಿಗೆ. ಗಮನವಿಟ್ಟು ಕೇಳಲು ಹೇಳಿ: ಆ ಕಡೆಯವರ ‘ಕ’ ಈ ಕಡೆಯವರ ಯಾವ ಅಕ್ಷರದ ಜೊತೆ ಬೀಳುತ್ತದೆ? ‘ಧಿ’ ಜೊತೆ. ಅಂದರೆ ಎರಡು ಕಾಲು ಕಳೆದಾಗ ಒಂದು ಅರ್ಧ ಕಳೆಯುತ್ತದೆ. 2/4 = 1/2. ಸಮಾನ ಭಿನ್ನರಾಶಿ ಕಿವಿಗೆ ಬಿತ್ತು.

ಆಮೇಲೆ ‘ತಕಿಟ’ ತನ್ನಿ, ತಟ್ಟಿಗೆ ಮೂರು. ‘ತಕ’ ಜೊತೆ ಹೇಳಿಸಿದರೆ ಮೊದಲ ‘ತ’ ಬಿಟ್ಟು ಇನ್ಯಾವುದೂ ಕೂಡುವುದಿಲ್ಲ. ಮಕ್ಕಳು ನಗುತ್ತಾರೆ, ತಡವರಿಸುತ್ತಾರೆ, ಒಂದು ಗುಂಪು ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ. ಆಗಲಿ. ಕೂಡುವಂತೆ ಮಾಡಬೇಕಾದರೆ ತಟ್ಟನ್ನು ಎಷ್ಟು ಚೂರು ಮಾಡಬೇಕು ಅಂತ ಕೇಳಿ. ಆರು. ಅರ್ಧ ಅಂದರೆ ಮೂರು ಚೂರು, ಮೂರನೇ ಒಂದು ಅಂದರೆ ಎರಡು ಚೂರು. 1/2 ಮತ್ತು 1/3 ಕೂಡಿಸುವಾಗ ಛೇದ 6 ಯಾಕೆ ಮಾಡುತ್ತೇವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ.

ಆದರೆ ತಟ್ಟಿ ಸುಮ್ಮನಾಗಬೇಡಿ. ಅದೇ ಪೀರಿಯಡ್‌ನಲ್ಲಿ ಗಣಿತದ ಚೌಕದ ಹಾಳೆ ತೆಗೆಸಿ. ಒಂದು ತಟ್ಟು ಅಂದರೆ 12 ಚೌಕದ ಒಂದು ಪಟ್ಟಿ. ‘ತಕ’ಕ್ಕೆ ಆರಾರು ಚೌಕ, ‘ತಕಿಟ’ಕ್ಕೆ ನಾಲ್ಕು ನಾಲ್ಕು, ‘ತಕಧಿಮಿ’ಗೆ ಮೂರು ಮೂರು, ಒಂದರ ಕೆಳಗೊಂದು ಬಣ್ಣ ಹಚ್ಚಲಿ. ಕಿವಿಯಿಂದ ಕಾಗದಕ್ಕೆ, ಕಾಗದದಿಂದ ಅಂಕಿಗೆ. ಈ ಸೇತುವೆ ಹಾಕದಿದ್ದರೆ ಮಕ್ಕಳಿಗೆ ‘ತಕಿಟ’ ಬರುತ್ತದೆ, 1/3 ಬರುವುದಿಲ್ಲ. ಇಂಥ ಪ್ರಯತ್ನ ಬೇರೆ ಕಡೆಯೂ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಆರು ವಾರ ಪೂರ್ತಿ ಸ್ವರ, ಅರ್ಧ ಸ್ವರ, ಕಾಲು ಸ್ವರ ಅಂತ ತಟ್ಟಿಸಿ, ಬರೆಸಿ ಭಿನ್ನರಾಶಿ ಕಲಿಸಿದರು. ಮಾಮೂಲಿ ಪಾಠ ಮಾತ್ರ ಕೇಳಿದ ಮಕ್ಕಳಿಗಿಂತ ಅವರು ಚೆನ್ನಾಗಿ ಮಾಡಿದರು ಅಂತ 2012ರಲ್ಲಿ ಪ್ರಕಟವಾಯಿತು. ಸಣ್ಣ ಅಧ್ಯಯನ, ಒಂದೇ ಊರಿನದು. ಆದರೆ ಅಲ್ಲೂ ತಟ್ಟಿದ್ದರ ಜೊತೆಗೆ ಬರೆಸಿದ್ದರು ಅನ್ನುವುದನ್ನು ಗಮನಿಸಿ.

ಲ.ಸಾ.ಅ.ಗೆ ಬರೋಣ. ನಾನು ಮೈಸೂರು ಕಡೆಯವನು, ಮೃದಂಗ ಅರ್ಧ ಕಲಿತು ಬಿಟ್ಟವನು. ನಿಮ್ಮ ಕಡೆ ತಬಲ ಜಾಸ್ತಿ, ಅದೇ ಬಳಸಿ. ಊರಿನ ಭಜನೆಯಲ್ಲಿ ದಿನಾ ಕೇಳುವ ಎರಡು ತಾಳ ಸಾಕು. ಕೇರವಾ 8 ಮಾತ್ರೆ, ಅಂದರೆ ಸುತ್ತಿಗೆ 8 ಎಣಿಕೆ: ಧಾ ಗೆ ನಾ ತಿ ನ ಕ ಧಿ ನ. ದಾದರಾ 6 ಮಾತ್ರೆ: ಧಾ ಧಿ ನಾ ಧಾ ತಿ ನಾ. ಒಂದು ಗುಂಪಿಗೆ ಕೇರವಾ, ಇನ್ನೊಂದಕ್ಕೆ ದಾದರಾ. ಇಬ್ಬರಿಗೂ ಒಂದೇ ವೇಗ. ಪ್ರತಿ ಸುತ್ತಿನ ಮೊದಲ ‘ಧಾ’ಗೆ, ಅಂದರೆ ಸಮ್‌ಗೆ, ಚಪ್ಪಾಳೆ. ದಾದರಾದ ನಡುವಿನ ‘ಧಾ’ಗೆ ಬೇಡ. ಉಳಿದದ್ದು ಬಾಯಲ್ಲಿ ಮೆಲ್ಲಗೆ. ಒಬ್ಬ ಹುಡುಗಿ ಹಲಗೆಯ ಹತ್ತಿರ ನಿಂತು ಒಟ್ಟು ಮಾತ್ರೆ ಎಣಿಸಲಿ.

ಎರಡೂ ಗುಂಪಿನ ಚಪ್ಪಾಳೆ ಮತ್ತೆ ಒಟ್ಟಿಗೆ ಯಾವಾಗ ಬೀಳುತ್ತದೆ ಅಂತ ಮೊದಲೇ ಊಹೆ ಹೇಳಿಸಿ. ಬುದ್ಧಿವಂತ ಮಕ್ಕಳು 48 ಅಂತಾರೆ, ಎಂಟಾರ್ಲೆ ನಲವತ್ತೆಂಟು. ಆದರೆ 24 ಮಾತ್ರೆ ಮುಗಿಯುತ್ತಿದ್ದ ಹಾಗೆ ಚಟ್ ಅಂತ ಒಂದೇ ಸದ್ದು ಬರುತ್ತದೆ. ಕೇರವಾ ಮೂರು ಸುತ್ತು, ದಾದರಾ ನಾಲ್ಕು ಸುತ್ತು. ಗುಣಾಕಾರ ಯಾಕೆ ಸುಳ್ಳಾಯಿತು ಅನ್ನುವ ಪ್ರಶ್ನೆ ಆಗ ಮಕ್ಕಳಿಂದಲೇ ಬರುತ್ತದೆ. 8ಕ್ಕೂ 6ಕ್ಕೂ 2 ಸಾಮಾನ್ಯ ಅಪವರ್ತನ, ಅದನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಅಂತ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ಅದಾದ ಮೇಲೆ 5 ಮತ್ತು 7 ಮಾಡಿಸಿ. ಅಲ್ಲಿ 35ರವರೆಗೂ ಕಾಯಬೇಕು, ಗುಣಾಕಾರ ನಿಜವಾಗುತ್ತದೆ. ಕಾದು ಕಾದು ಕೊನೆಗೆ ಒಟ್ಟಿಗೆ ಬಿದ್ದಾಗ ಮಕ್ಕಳು ಕೂಗುತ್ತಾರೆ. ಆ ಕೂಗಿಗೆ ಪಕ್ಕದ ತರಗತಿಯವರ ಹತ್ತಿರ ಮೊದಲೇ ಕ್ಷಮೆ ಕೇಳಿಟ್ಟಿರಿ.

ಇದರಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದ ಗುಂಡಿ. 3 ಮತ್ತು 4 ಇಟ್ಟುಕೊಂಡು ಮಾಡಿಸುತ್ತಿದ್ದೆ. ಮೂರರ ಗುಂಪು 1, 4, 7, 10, 13ಕ್ಕೆ ತಟ್ಟಿತು. ನಾಲ್ಕರ ಗುಂಪು 1, 5, 9, 13ಕ್ಕೆ. ‘ಸರ್, ಲ.ಸಾ.ಅ. ಹದಿಮೂರು’ ಅಂದರು. ತಾಳದ ಲೆಕ್ಕದಲ್ಲಿ ಅವರು ಸರಿ, ಸಮ್ ಬರುವುದು ಹದಿಮೂರನೇ ಮಾತ್ರೆಗೇ. ಗಣಿತದ ಲೆಕ್ಕದಲ್ಲಿ ಕಳೆದದ್ದು ಹನ್ನೆರಡು ಮಾತ್ರೆ. ಎಷ್ಟನೆಯದು ಅನ್ನುವುದಕ್ಕೂ ಎಷ್ಟು ಕಳೆದಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಹತ್ತು ಕಂಬ ನೆಟ್ಟರೆ ನಡುವೆ ಒಂಬತ್ತೇ ಅಂಕಣ ಅಲ್ವಾ, ಅದೇ ಗೋಳು. ಈಗ ನಾನು ಮೊದಲ ಚಪ್ಪಾಳೆಗೆ ‘ಸೊನ್ನೆ’ ಅಂತಲೇ ಹೇಳಿಸುತ್ತೇನೆ.

ನಿಮ್ಮ 7ನೇ ತರಗತಿಯಲ್ಲಿ ಚುರುಕಾದವರಿದ್ದರೆ ಅವರಿಗೆ ಇನ್ನೊಂದು. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು, ಈ ಎರಡನ್ನೇ ಬಳಸಿ 4 ಮಾತ್ರೆಯನ್ನು ಎಷ್ಟು ಥರ ತುಂಬಬಹುದು? ತಟ್ಟಿ ನೋಡಿ ಪಟ್ಟಿ ಮಾಡಲಿ. ಒಂದು ಮಾತ್ರೆಗೆ 1 ಥರ, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಯಾಕೆ ಅಂತ ತಲೆ ಕೆರೆದುಕೊಳ್ಳಲಿ. ಕೊನೆಯದು ಲಘುವಾಗಿರಬೇಕು ಇಲ್ಲವೇ ಗುರುವಾಗಿರಬೇಕು, ಸುಳಿವು ಅಷ್ಟೇ. ಇದನ್ನು ಜಗತ್ತು ಫಿಬೊನಾಚಿ ಸಂಖ್ಯೆ ಅನ್ನುತ್ತದೆ. ಆ ಇಟಲಿಯವನ ಪುಸ್ತಕ ಬಂದದ್ದು 1202ರಲ್ಲಿ. ಗುಜರಾತಿನ ಹೇಮಚಂದ್ರ ಛಂದಸ್ಸಿನ ಲೆಕ್ಕ ಹಾಕುತ್ತಾ ಇದನ್ನು ಹೇಳಿದ್ದು ಸುಮಾರು 1150ರಲ್ಲಿ. ಅದಕ್ಕೂ ಹಿಂದೆ ವಿರಹಾಂಕ ಎಂಬ ಛಂದಸ್ಸಿನ ಪಂಡಿತ ಹೇಳಿದ್ದ. ಹೈಸ್ಕೂಲಿನಲ್ಲಿ ಕನ್ನಡದ ಛಂದಸ್ಸು ಅಂದರೆ ಮಕ್ಕಳು ಹೆದರುತ್ತಾರೆ, ಗಣಿತ ಅಂದರೂ ಹೆದರುತ್ತಾರೆ. ಎರಡೂ ಒಂದೇ ಮನೆಯವು ಅಂತ ಏಳನೇ ತರಗತಿಯಲ್ಲೇ ಗೊತ್ತಾಗಿಬಿಟ್ಟರೆ ಅರ್ಧ ಹೆದರಿಕೆ ಹೋಗುತ್ತದೆ.

ವಿಜ್ಞಾನಕ್ಕೆ ಬಂದರೆ, ಶಬ್ದದ ಪಾಠದಲ್ಲಿ ನಮ್ಮ ಮಾತೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ‘ದನಿ ಏರಿಸಬೇಡ’ ಅಂದರೆ ಕೂಗಬೇಡ ಅಂತ ಅರ್ಥ. ‘ಏರು ದನಿಯಲ್ಲಿ ಹಾಡು’ ಅಂದರೆ ಮೇಲಿನ ಸ್ವರದಲ್ಲಿ ಅಂತ. ಹೀಗಾಗಿ ಗಟ್ಟಿ ದನಿಗೂ ಕೀಚಲು ದನಿಗೂ ವ್ಯತ್ಯಾಸ ಹತ್ತುವುದೇ ಇಲ್ಲ. ನಿಮ್ಮ ಸೋರುವ ಪೇಟಿ ಇಲ್ಲಿ ಬೇಕು. ಒಂದೇ ಕೀ ಒತ್ತಿ ಹಿಡಿದು ತಿದಿಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ. ಸದ್ದು ಗಟ್ಟಿಯಾಯಿತು, ಸ್ವರ ಅದೇ. ಈಗ ತಿದಿ ಅಷ್ಟೇ ಇಟ್ಟು ಬಲಗಡೆಯ ಕೀಗೆ ಹೋಗಿ. ಗಟ್ಟಿತನ ಅದೇ, ಸ್ವರ ಏರಿತು. ಎರಡು ನಿಮಿಷದ ಕೆಲಸ, ಹಾಡಲು ಬರಬೇಕಾಗಿಲ್ಲ.

ಇದಕ್ಕಿಂತ ನನಗೆ ಪ್ರಿಯವಾದದ್ದು ತಂತಿ. ಒಂದು ಮರದ ಹಲಗೆ, ಎರಡು ಮೊಳೆ, ತೆಳುವಾದ ಉಕ್ಕಿನ ತಂತಿ. ಎರಡೂ ತುದಿಗೆ ಪೆನ್ಸಿಲ್ ತುಂಡು ಸಿಕ್ಕಿಸಿ, ನಡುವೆ ಮಿಡಿಯುವ ಭಾಗ ಸರಿಯಾಗಿ 60 ಸೆಂ.ಮೀ. ಇರಲಿ. ಬಿಗಿಯಾಗಿ ಕಟ್ಟಿ ಮಿಡಿಯಿರಿ. ಅದು ನಿಮ್ಮ ‘ಸ’. ಅಡಿಯಲ್ಲಿ ಇನ್ನೊಂದು ಪೆನ್ಸಿಲ್ ತುಂಡು ಸರಿಸುತ್ತಾ ಬನ್ನಿ. 30 ಸೆಂ.ಮೀ.ಗೆ ಇಟ್ಟರೆ ಮೇಲಿನ ‘ಸ’. 40ಕ್ಕೆ ಇಟ್ಟು ಆ 40ರ ಭಾಗ ಮಿಡಿದರೆ ‘ಪ’. 45ಕ್ಕೆ ‘ಮ’. ಅಳತೆ ಹೇಳದೆ, ಬರೀ ಕಿವಿಯಿಂದ ‘ಪ’ ಹುಡುಕಲು ಹೇಳಿ, ಆಮೇಲೆ ಸ್ಕೇಲ್ ಇಡಿಸಿ. ಹಾಡು ಗೊತ್ತಿರುವ ಮಗು 40ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅರ್ಧ, ಮೂರನೇ ಎರಡು, ನಾಲ್ಕನೇ ಮೂರು, ನಿಮ್ಮ ಗಣಿತದ ಪುಸ್ತಕದ ಭಿನ್ನರಾಶಿಗಳೇ ತಂತಿಯ ಮೇಲೆ ಕೂತಿವೆ. ಉದ್ದ 2/3 ಆದಾಗ ಕಂಪನ 3/2 ಆಗುತ್ತದೆ ಅಂತ ಹೇಳಿದರೆ ವ್ಯುತ್ಕ್ರಮಕ್ಕೂ ಒಂದು ಉದಾಹರಣೆ ಆಯಿತು.

ಬಾಟಲಿಯ ಆಟ ಎಲ್ಲರೂ ಮಾಡುತ್ತಾರೆ, ಅರ್ಧವೇ ಮಾಡುತ್ತಾರೆ. ಗಾಜಿನ ಬಾಟಲಿಗಳಿಗೆ ಬೇರೆ ಬೇರೆ ಮಟ್ಟದ ನೀರು ಹಾಕಿ ಚಮಚದಿಂದ ತಟ್ಟಿದರೆ, ನೀರು ಜಾಸ್ತಿ ಇರುವುದು ತಗ್ಗು ಸ್ವರ. ಅದೇ ಬಾಟಲಿಗಳ ಬಾಯಿಗೆ ಊದಿದರೆ ಉಲ್ಟಾ, ನೀರು ಜಾಸ್ತಿ ಇರುವುದೇ ಏರು ಸ್ವರ. ತಟ್ಟಿದಾಗ ನಡುಗುವುದು ಗಾಜು ಮತ್ತು ನೀರು, ಭಾರ ಹೆಚ್ಚಿದಷ್ಟೂ ನಿಧಾನ. ಊದಿದಾಗ ನಡುಗುವುದು ಒಳಗಿನ ಗಾಳಿ, ಜಾಗ ಕಮ್ಮಿಯಾದಷ್ಟೂ ಬೇಗ. ಎರಡನ್ನೂ ಮಾಡಿಸಿ, ಯಾವುದು ನಡುಗುತ್ತಿದೆ ಅಂತ ಮಕ್ಕಳೇ ವಾದ ಮಾಡಲಿ.

ಊರಿನಲ್ಲಿ ಡೊಳ್ಳು ಬಾರಿಸುವವರನ್ನೂ ತಬಲ ಬಾರಿಸುವವರನ್ನೂ ಒಂದೇ ದಿನ ಕರೆಸಲು ಆದರೆ ಹಬ್ಬ. ಡೊಳ್ಳಿನ ಸದ್ದಿಗೆ ಇಂಥದ್ದೇ ಸ್ವರ ಅಂತ ಗುರುತಿಸುವುದು ಕಷ್ಟ. ತಬಲ, ಮೃದಂಗಕ್ಕೆ ಶ್ರುತಿ ಇದೆ. ಗುಟ್ಟು ನಡುವೆ ಹಚ್ಚಿರುವ ಕಪ್ಪು ಕರಣೆಯಲ್ಲಿದೆ. ಆ ಭಾರ ಚರ್ಮದ ಕಂಪನಗಳನ್ನು ಒಂದು ಲೆಕ್ಕಕ್ಕೆ ತರುತ್ತದೆ. ಇದನ್ನು ಸಿ.ವಿ. ರಾಮನ್ ಕಲ್ಕತ್ತದಲ್ಲಿದ್ದಾಗ, 1920ರಲ್ಲೇ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ರಾಮನ್ ಅಂದರೆ ಬೆಳಕು, ನೊಬೆಲ್ ಅಂತಷ್ಟೇ ಮಕ್ಕಳಿಗೆ ಗೊತ್ತಿರುತ್ತದೆ. ಭಜನೆಯ ತಬಲಾನೂ ಅವರ ಪ್ರಯೋಗದ ಸಾಮಾನು ಅಂತ ಗೊತ್ತಾಗಲಿ.

ಉಳಿದ ವಿಷಯಗಳನ್ನು ನೀವು ಕೇಳಿಲ್ಲ, ಸಹೋದ್ಯೋಗಿಗಳಿಗೆ ಹೇಳಲು ಎರಡು ಮಾತು. ಕನ್ನಡದಲ್ಲಿ ದೀರ್ಘ, ಒತ್ತಕ್ಷರ ಬಿಡುವ ಮಕ್ಕಳಿಗೆ ಮಾತ್ರೆ ತಟ್ಟಿಸಿ. ‘ಕತೆ’ ಎರಡು ಮಾತ್ರೆ, ‘ಕತ್ತೆ’ ಮೂರು. ‘ಬಳೆ’ ಎರಡು, ‘ಬಾಳೆ’ ಮೂರು. ಮೂರು ತಟ್ಟಿ ‘ಕತೆ’ ಅಂತ ಬರೆದ ಮಗುವಿಗೆ ಏನೋ ಕಮ್ಮಿ ಇದೆ ಅಂತ ತಾನೇ ಗೊತ್ತಾಗುತ್ತದೆ. ‘ಹಾಲು’, ‘ಹಲ್ಲು’ ಎರಡೂ ಮೂರು ಮಾತ್ರೆಯೇ. ಅಲ್ಲಿ ದನಿ ಎಳೆಯಿತಾ, ತಡೆಯಿತಾ ಅಂತ ಕೇಳಬೇಕು. ಇಂಗ್ಲಿಷ್‌ಗೂ ಚಪ್ಪಾಳೆ ಬರುತ್ತದೆ. ‘ಬುಕ್’ ಒಂದು ಚಪ್ಪಾಳೆ, ನಮ್ಮ ‘ಬುಕ್ಕು’ ಎರಡು. ಹೊಸ ಭಾಷೆಯ ಚಿಕ್ಕ ವಾಕ್ಯಗಳನ್ನು ಹಾಡಿ ಕಲಿತವರಿಗೆ ಬರೀ ಹೇಳಿ ಕಲಿತವರಿಗಿಂತ ಚೆನ್ನಾಗಿ ನೆನಪಿತ್ತು ಅಂತ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹಂಗೇರಿಯನ್ ಭಾಷೆ ಇಟ್ಟುಕೊಂಡು ಮಾಡಿದ ಪ್ರಯೋಗದಲ್ಲಿ ಕಂಡುಬಂತು. ಅಲ್ಲಿ ಕಲಿತವರು ದೊಡ್ಡವರು, ಆದರೂ ಪ್ರಯತ್ನಿಸಬಹುದು.

ಸಮಾಜ ವಿಜ್ಞಾನದಲ್ಲಿ ಹೊಸ ಹಾಡು ಕಟ್ಟುವುದೇ ಬೇಡ. ಹಳೆಯದನ್ನು ಸಾಕ್ಷಿಯ ಕಟಕಟೆಗೆ ತನ್ನಿ. 1857ರ ಹಲಗಲಿ ಬೇಡರ ದಂಗೆಯ ಲಾವಣಿ ಇದೆಯಲ್ಲ, ಅದನ್ನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಬರೆಸಿಕೊಂಡು 1880ರ ದಶಕದಲ್ಲಿ ಅಚ್ಚು ಮಾಡಿಸಿದ್ದ. ಪಠ್ಯ ಇಸವಿ ಹೇಳುತ್ತದೆ, ಆಯುಧ ಒಪ್ಪಿಸಬೇಕೆಂಬ ಕಾನೂನು ಹೇಳುತ್ತದೆ. ಲಾವಣಿ ಊರಿನವರ ಹೆಸರು ಹಿಡಿದು ಹೇಳುತ್ತದೆ. ಯಾರು ಯಾರ ಪರ ಹಾಡುತ್ತಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ಮಕ್ಕಳು ಹುಡುಕಲಿ. ಬೀಸುವ ಪದ ಗೊತ್ತಿರುವ ಅಜ್ಜಿಯನ್ನು ಕರೆಸಿ, ಗಿರಣಿ ಬಂದ ಮೇಲೆ ಆ ಹಾಡು ಏನಾಯಿತು ಅಂತ ಕೇಳಿಸಿ. ಆರ್ಥಿಕ ಬದಲಾವಣೆಯ ಪಾಠ ಅಲ್ಲೇ ಆಯಿತು.

ಇನ್ನು ಜನ ನಿಮಗೆ ಹೇಳಬಹುದಾದ ಒಂದು ಮಾತಿನ ಬಗ್ಗೆ ಎಚ್ಚರ. ‘ಸಂಗೀತ ಕೇಳಿಸಿದರೆ ಮಕ್ಕಳ ಬುದ್ಧಿ ಬೆಳೆಯುತ್ತದೆ’ ಅಂತ. ಇದರ ಬೇರು 1993ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ. ಹತ್ತು ನಿಮಿಷ ಮೊಜಾರ್ಟ್ ಎಂಬ ಪಾಶ್ಚಾತ್ಯ ಸಂಗೀತಗಾರನ ಕೃತಿ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಚೆನ್ನಾಗಿ ಮಾಡಿದರು, ಅಷ್ಟೇ. ಕಾಲು ಗಂಟೆಯಲ್ಲಿ ಅದೂ ಇಳಿಯಿತು. ಮಕ್ಕಳ ಮೇಲೆ ನಡೆದ ಪ್ರಯೋಗವೂ ಅಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಬಜೆಟ್‌ನಲ್ಲಿ ದುಡ್ಡು ಕೇಳಿದರು. ಆಮೇಲೆ ಬೇರೆಯವರು ಪರೀಕ್ಷಿಸಿದಾಗ ಆ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. ಮಕ್ಕಳು ಓದುವಾಗ ಹಿನ್ನೆಲೆಗೆ ಹಾಡು ಹಾಕುವುದೂ ಬೇಡ. ಸಾಹಿತ್ಯ ಇರುವ ಹಾಡಂತೂ ಓದಿಗೆ ಅಡ್ಡಿಯೇ, ಎರಡು ಮಾತು ಒಂದೇ ಬಾಗಿಲಲ್ಲಿ ತೂರಿದಂತೆ.

ನೆನಪಿಗೆ ಹಾಡು ಕಟ್ಟುವುದೇ ಆದರೆ ಧಾಟಿ ಸರಳವಾಗಿರಲಿ, ಪ್ರತಿ ನುಡಿಗೂ ಅದೇ ಧಾಟಿ ತಿರುಗಿ ಬರಲಿ. ಧಾಟಿ ಹೀಗೆ ಮರಳಿ ಮರಳಿ ಬಂದಾಗಲೇ ಮಾತು ನೆನಪಿರುತ್ತದೆ, ಒಂದೇ ನುಡಿ ಕೇಳಿಸಿದರೆ ರಾಗದಿಂದ ಲಾಭ ಇಲ್ಲ ಅಂತ 1994ರ ಒಂದು ಪ್ರಯೋಗ ತೋರಿಸಿತ್ತು. ನಮ್ಮ ಜನಪದರು ಇದನ್ನು ಪ್ರಯೋಗ ಮಾಡದೆಯೇ ತಿಳಿದಿದ್ದರು, ನೂರು ನುಡಿಗೂ ಒಂದೇ ಮಟ್ಟು. ಹೊಸ ಸಿನಿಮಾ ಹಾಡಿನ ಟ್ಯೂನ್‌ಗೆ ಪಾಠ ಹೊಂದಿಸಿದರೆ ಮಕ್ಕಳ ತಲೆಯಲ್ಲಿ ಮೂಲ ಸಾಹಿತ್ಯವೇ ಓಡುತ್ತಿರುತ್ತದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಹಾಗೇ ಆಗಿದೆ.

ಹಾಡಲು ಬರುವುದಿಲ್ಲ ಅಂದಿರಿ. ಮೇಲೆ ಹೇಳಿದ್ದರಲ್ಲಿ ನೀವು ಹಾಡಬೇಕಾದದ್ದು ಎಲ್ಲಿದೆ ನೋಡಿ. ತಟ್ಟುವುದು, ಎಣಿಸುವುದು, ಕೇಳಿಸಿಕೊಳ್ಳುವುದು, ಅಷ್ಟೇ. ಸ್ವರ ಬೇಕಾದಾಗ ತರಗತಿಯಲ್ಲಿ ಭಜನೆಗೆ ಹೋಗುವ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಸಾಮಾನ್ಯವಾಗಿ ಅವನು ಗಣಿತದಲ್ಲಿ ಹಿಂದಿನ ಬೆಂಚು. ಅವನ ಕೈಗೆ ತಾಳ ಕೊಡಿ. ಬಾಯಿ ಬಿಡಲು ನಾಚುವ ಮಗುವಿಗೆ ಎಣಿಸುವ ಕೆಲಸ ಕೊಡಿ, ಬಲವಂತ ಬೇಡ. ಕಿವಿ ಸರಿಯಾಗಿ ಕೇಳದ ಮಗು ಇದ್ದರೆ ಪೇಟಿಯ ಮೇಲೆ, ಡೊಳ್ಳಿನ ಅಂಚಿನ ಮೇಲೆ ಕೈ ಇಟ್ಟು ಕೂರಲಿ. ಕಂಪನದ ಪಾಠ ಆ ಮಗುವಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಗಲಾಟೆಗೆ ಮದ್ದು ಚಪ್ಪಾಳೆ ಬಿಡುವುದಲ್ಲ, ಚಿಕ್ಕದು ಮಾಡುವುದು. ಒಂದು ಬೆರಳಿನಿಂದ ಅಂಗೈ ಮೇಲೆ ತಟ್ಟಿದರೆ ನಲವತ್ತು ಮಕ್ಕಳ ತರಗತಿಯೂ ಸಣ್ಣ ಮಳೆಯ ಸದ್ದಿನಷ್ಟೇ. ಆಮೇಲೆ ಒಂದು ಆಟ ಆಡಿಸಿ. ತಾಳವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಎರಡೂ ಗುಂಪಿನ ಸಮ್ ಕೂಡುವಲ್ಲಿ ಮಾತ್ರ ಒಂದು ಚಪ್ಪಾಳೆ. 24 ಮಾತ್ರೆ ಪೂರ್ತಿ ಮೌನ, ಕೊನೆಗೆ ಎಲ್ಲರದೂ ಒಂದೇ ಏಟು. ಇದನ್ನು ಮೊದಲ ಸಲ ಮಾಡಿಸಿದ ದಿನ ಹೆಡ್‌ಮಾಸ್ಟರ್ ಕಿಟಕಿಯಲ್ಲಿ ಇಣುಕಿದ್ದರು, ತರಗತಿ ಇಷ್ಟು ಸದ್ದಿಲ್ಲದೆ ಇದೆಯಲ್ಲ ಅಂತ.

ವಾರಕ್ಕೆ ಒಂದು ಪೀರಿಯಡ್, ಅದರಲ್ಲೂ ಹದಿನೈದು ನಿಮಿಷ ಸಾಕು. ಎಲ್ಲ ಪಾಠಕ್ಕೂ ಹಚ್ಚಲು ಹೋಗಬೇಡಿ. ರೇಖಾಗಣಿತಕ್ಕೆ, ಬೀಜೋಕ್ತಿಗೆ ನಾನು ಎಷ್ಟು ಹೆಣಗಿದರೂ ಬರೀ ಪ್ರಾಸ ಬಂತು, ಬಿಟ್ಟೆ.

ಪೇಟಿಯ ವಿಷಯ. ತಿದಿಯ ಮಡಿಕೆಯಲ್ಲಿ ಬಟ್ಟೆ ಹರಿದಿರಬೇಕು, ಜೋಡಿಸುವವರು ಹಾವೇರಿ, ಹುಬ್ಬಳ್ಳಿ, ಗದಗದಲ್ಲಿ ಸಿಗುತ್ತಾರೆ. ಆದರೆ ಕೊಡುವ ಮುಂಚೆ ಒಂದು ದಿನ ಮಕ್ಕಳೆದುರು ಮೇಲಿನ ಹಲಗೆ ಬಿಚ್ಚಿ. ಒಳಗೆ ಹಿತ್ತಾಳೆಯ ರೀಡುಗಳು, ಅಂದರೆ ಸದ್ದು ಮಾಡುವ ತೆಳು ಪಟ್ಟಿಗಳು, ಸಾಲಾಗಿ ಕೂತಿರುತ್ತವೆ, ಎಡಗಡೆ ಉದ್ದ, ಬಲಗಡೆ ಹೋದಂತೆ ಗಿಡ್ಡ. ಯಾಕೆ ಅಂತ ನೀವು ಹೇಳಬೇಡಿ. ತಂತಿಯ ಪಾಠ ಆದ ಮೇಲೆ ಬಿಚ್ಚಿದರೆ ಅವರೇ ಹೇಳುತ್ತಾರೆ.